ಫ್ಲ್ಯಾಟಿಗೊಂದು ಗಿಳಿ ತರಲೇ?

ಪ್ರಶ್ನೆ: ನನಗೆ 64 ವರ್ಷ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಮದುವೆಯಾಗಿ 38 ವರ್ಷ ಒಟ್ಟಿಗಿದ್ದ ಯಜಮಾನರು ಹೋದ ವರ್ಷ ತೀರಿಕೊಂಡರು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ಒಬ್ಬಳೇ ಇದ್ದೇನೆ. ಮಗಳು ಕೆನಡಾದಲ್ಲಿದ್ದಾಳೆ. ಎರಡು ವರ್ಷಕ್ಕೊಮ್ಮೆ ಹೋಗಿ ಐದಾರು ತಿಂಗಳು ಇದ್ದು ಬರುತ್ತೇನೆ. ಚಿಕ್ಕಂದಿನಲ್ಲಿ ತಿಪಟೂರಿನ ಹತ್ತಿರ ಅಜ್ಜಿ ಮನೆಯಲ್ಲಿ ಹಸಿರು ಗಿಳಿಯಿತ್ತು, ಬಂದವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿತ್ತು. ಅಂಥದ್ದೊಂದನ್ನು ತರಬೇಕು ಅನಿಸುತ್ತಿದೆ. ಅಂಗಡಿಯವನು ಹಸಿರು ಗಿಳಿಯನ್ನು ‘ಹೇಗಾದರೂ ತರಿಸಿಕೊಡ್ತೀನಿ’ ಅಂದ. ಆಫ್ರಿಕನ್ ಗ್ರೇ ಆದರೆ ಮನುಷ್ಯರ ಹಾಗೇ ಮಾತಾಡುತ್ತೆ ಅಂತಲೂ ಅಂದ. ಯಜಮಾನರು ದಿನಾ ಬೆಳಿಗ್ಗೆ ‘ಏನ್ ಟೀಚರೇ, ಕಾಫಿ ಆರಿಹೋಯ್ತು’ ಅನ್ನುತ್ತಿದ್ದರು. ಅದನ್ನು ಗಿಳಿಗೆ ಕಲಿಸಬೇಕೆಂಬ ಆಸೆ ನನಗೆ. ಮಗಳ ಹತ್ತಿರ ಹೇಳಿದರೆ ‘ಅಮ್ಮ, ನಿನಗೇನಾಗಿದೆ?’ ಅಂದಳು. ಪಕ್ಕದ ಮನೆಯವರು ಗಲಾಟೆ ಅಂದಾರು ಎಂಬ ಭಯವೂ ಇದೆ. ನನಗೆ ಸ್ವಲ್ಪ ಆಸ್ತಮಾ ಇದೆ. ಹಕ್ಕಿಯನ್ನು ಪಂಜರದಲ್ಲಿಡುವುದು ಪಾಪವೇ? ಯಾವ ಗಿಳಿ ನನಗೆ ಸರಿ? ನನ್ನ ಬುದ್ಧಿಯೇ ಕೆಟ್ಟಿದೆಯೇ?
ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ. ಇಲ್ಲ, ನಿಮ್ಮ ಬುದ್ಧಿ ಕೆಟ್ಟಿಲ್ಲ. ಒಬ್ಬರ ಕೆಮ್ಮು, ಚಪ್ಪಲಿಯ ಸದ್ದು, ಪೇಪರ್ ಮಡಿಸುವ ಸದ್ದು, ಬೆಳಗಿನ ಆ ಒಂದು ಮಾತು ಇವುಗಳ ನಡುವೆ 38 ವರ್ಷ ಬದುಕಿದವರಿಗೆ, ಅವೆಲ್ಲ ಒಂದೇ ದಿನ ನಿಂತುಹೋದರೆ ಮನೆ ಬಿಕೋ ಎನ್ನದೆ ಇನ್ನೇನಾದೀತು? ಬಾಳಸಂಗಾತಿಯನ್ನು ಕಳೆದುಕೊಂಡ ಅನೇಕರು ನನ್ನ ಹತ್ತಿರ ಬಂದಾಗ ಅಳುವಿನ ಬಗ್ಗೆ ಹೇಳುವುದು ಕಡಿಮೆ, ಸದ್ದಿಲ್ಲದ ಮನೆಯ ಬಗ್ಗೆ ಹೇಳುವುದೇ ಹೆಚ್ಚು. ಟೀವಿ ಹಾಕಿಟ್ಟುಕೊಂಡೇ ಮಲಗುವವರಿದ್ದಾರೆ. ರೇಡಿಯೊ ಆರಿಸದೆ ಮಾರ್ಕೆಟ್ಟಿಗೆ ಹೋಗುವವರಿದ್ದಾರೆ, ಬಂದು ಬೀಗ ತೆಗೆದಾಗ ಒಳಗೆ ಯಾರೋ ಇದ್ದ ಹಾಗಿರಲಿ ಎಂದು. ನಿಮಗೆ ಅಜ್ಜಿ ಮನೆಯ ಗಿಳಿ ನೆನಪಾಯಿತು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮಗಳ ಮಾತು ಚುಚ್ಚಿದೆ ಎಂಬುದು ಪತ್ರದಲ್ಲಿ ಕಾಣುತ್ತದೆ. ಅವಳೂ ಅಪ್ಪನನ್ನು ಕಳೆದುಕೊಂಡವಳೇ ಅಲ್ಲವೇ? ಅಷ್ಟು ದೂರ ಕೂತಿರುವವರು ಫೋನಿನಲ್ಲಿ ಅಮ್ಮನ ದನಿ ಒಂಚೂರು ಬದಲಾದರೂ ಹೆದರುತ್ತಾರೆ. ‘ನಿನಗೇನಾಗಿದೆ?’ ಎಂಬುದು ನಿಮಗೆ ಬೈದ ಹಾಗೆ ಕೇಳಿಸಿದೆ. ಅವಳು ನಿಜವಾಗಿಯೂ ಅದನ್ನೇ ಕೇಳುತ್ತಿದ್ದಳೋ ಏನೋ. ಇದನ್ನು ಓದುತ್ತಿರುವ ಹೊರದೇಶದ ಮಕ್ಕಳಿಗೂ ಒಂದು ಮಾತು: ಅಪ್ಪನೋ ಅಮ್ಮನೋ ಇದ್ದಕ್ಕಿದ್ದಂತೆ ಹಕ್ಕಿ ಸಾಕುತ್ತೇನೆ, ನಾಯಿ ತರುತ್ತೇನೆ ಎಂದರೆ ಬೇಡ ಅನ್ನುವ ಮೊದಲು ‘ಮನೆಯಲ್ಲಿ ಯಾವ ಹೊತ್ತು ಕಳೆಯೋದು ಕಷ್ಟ ಆಗ್ತಿದೆ?’ ಎಂದು ಕೇಳಿ ನೋಡಿ.

ಈಗ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಎರಡು ಆಸೆಗಳು ಹೆಣೆದುಕೊಂಡಿವೆ. ಮನೆಯಲ್ಲಿ ಇನ್ನೊಂದು ಜೀವ ಇರಲಿ, ಬೆಳಿಗ್ಗೆ ಎದ್ದರೆ ಯಾರಿಗಾದರೂ ಕಾಳು ಹಾಕಬೇಕಾಗಿರಲಿ ಎಂಬುದು ಒಂದು. ಅವರ ದನಿ ಮತ್ತೆ ಕೇಳಲಿ ಎಂಬುದು ಇನ್ನೊಂದು. ಮೊದಲನೆಯದನ್ನು ಹಕ್ಕಿ ಖಂಡಿತ ಕೊಡಬಲ್ಲದು. ಎರಡನೆಯದು ಅದರ ಕೈಲಾಗದ ಕೆಲಸ. ಇವೆರಡನ್ನು ಬೇರೆ ಬೇರೆ ಮಾಡಿಕೊಂಡರೆ ಯಾವ ಗಿಳಿ ಎಂಬ ಪ್ರಶ್ನೆ ಅರ್ಧ ಬಗೆಹರಿದ ಹಾಗೆ.

ಗಿಳಿ ಏಕೆ ಮಾತಾಡುತ್ತದೆ ನೋಡಿ. ಅದು ಗುಂಪಿನಲ್ಲಿ ಬದುಕುವ ಹಕ್ಕಿ. ಕಾಡಿನಲ್ಲಿ ಒಂದು ಕೂಗಿದರೆ ಇನ್ನೊಂದು ಓಗೊಡುತ್ತದೆ, ‘ನಾನಿಲ್ಲಿದ್ದೇನೆ, ನೀನೆಲ್ಲಿ?’ ಎಂದು ವಿಚಾರಿಸಿಕೊಳ್ಳುವ ರೀತಿ ಅದು. ಮನೆಗೆ ತಂದಾಗ ನಾವೇ ಅದರ ಗುಂಪು. ಯಾವ ಸದ್ದಿಗೆ ನಾವು ತಿರುಗಿ ನೋಡುತ್ತೇವೋ ಅದನ್ನು ಕಲಿಯುತ್ತದೆ. ಹಾಗಾಗಿ ಕುಕ್ಕರಿನ ಸೀಟಿ, ಕಾಲಿಂಗ್ ಬೆಲ್, ನಿಮ್ಮ ಮೊಬೈಲಿನ ರಿಂಗ್ ಮೊದಲು ಬಂದೀತು, ನೀವು ಹೇಳಿಕೊಟ್ಟ ಮಾತು ಬಾರದೆಯೂ ಹೋದೀತು. ಬಂದರೂ ಹೊತ್ತುಗೊತ್ತು ನೋಡಿ ಹೇಳುವುದಿಲ್ಲ. ‘ಏನ್ ಟೀಚರೇ’ ಎಂಬುದು ನಿಮ್ಮ ಜ್ವರದ ಮಧ್ಯಾಹ್ನ ಕೇಳಿಸಬಹುದು, ನೆಂಟರ ಎದುರು ಹತ್ತು ಸಲ ಕೇಳಿಸಬಹುದು, ಅವರ ತಿಥಿಯ ದಿನ ಪುರೋಹಿತರು ಮಂತ್ರ ಹೇಳುವಾಗಲೂ ಕೇಳಿಸಬಹುದು. ಕೆಲವರಿಗೆ ಅದರಿಂದ ಹಿತವಾಗುತ್ತದೆ. ಕೆಲವರಿಗೆ ಗಾಯ ಒಣಗುವುದಕ್ಕೇ ಬಿಡುವುದಿಲ್ಲ. ನೀವು ಯಾವ ಕಡೆಯವರು ಎಂದು ನಿಮಗೂ ಈಗ ಗೊತ್ತಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹಕ್ಕಿ ಕಲಿತುಬಿಟ್ಟಿರುತ್ತದೆ, ಕಲಿತದ್ದನ್ನು ಮರೆಸುವುದು ಬಹಳ ಕಷ್ಟ.

ಆದ್ದರಿಂದ ಈ ಒಂದು ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಹಕ್ಕಿ ತಂದರೂ ಮೊದಲ ವರ್ಷ ಆ ಮಾತನ್ನು ಕಲಿಸಬೇಡಿ. ಬೇರೆ ಏನಾದರೂ ಕಲಿಸಿ. ಅವರ ಮಾತನ್ನು ಉಳಿಸಿಕೊಳ್ಳಲು ಬೇರೆ ದಾರಿಗಳಿವೆ. ಹಳೆಯ ವಾಟ್ಸ್‌ಆ್ಯಪ್‌ನಲ್ಲಿ ಅವರು ಕಳಿಸಿದ ವಾಯ್ಸ್ ಮೆಸೇಜುಗಳು ಇರಬಹುದು, ಯಾರದೋ ಮದುವೆಯ ವಿಡಿಯೊದಲ್ಲಿ ನಕ್ಕಿದ್ದಿರಬಹುದು. ಹುಡುಕಿ ತೆಗೆದು ಎರಡು ಕಡೆ ಇಟ್ಟುಕೊಳ್ಳಿ. ಒಂದು ನಿಮ್ಮಲ್ಲಿ, ಒಂದು ಮಗಳಲ್ಲಿ. ಕನ್ನಡ ಪಾಠ ಮಾಡಿದವರು ನೀವು, ಅವರು ಆಡುತ್ತಿದ್ದ ಮಾತುಗಳನ್ನು ನೆನಪಾದ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತೆರೆಯಬೇಕೆನಿಸಿದಾಗ ತೆರೆಯಬಹುದು, ಬೇಡವಾದಾಗ ಮುಚ್ಚಿಡಬಹುದು. ಹಕ್ಕಿಯ ವಿಷಯದಲ್ಲಿ ಆ ಅನುಕೂಲ ಇಲ್ಲ.

ಹಸಿರು ಗಿಳಿಯ ಮಾತನ್ನು ಇಲ್ಲಿಗೇ ಮುಗಿಸಿಬಿಡೋಣ. ಕುತ್ತಿಗೆಗೆ ಗುಲಾಬಿ ಪಟ್ಟಿಯಿರುವ ನಮ್ಮ ಊರಿನ ಗಿಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಹಕ್ಕಿ. ಈ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಅದರ ಎರಡನೇ ಪಟ್ಟಿಯಲ್ಲಿ ಈ ಗಿಳಿಯಿದೆ. ಕೊಳ್ಳುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ, ಜೈಲು ಮತ್ತು ದಂಡ ಎರಡೂ ಆಗಬಹುದು. ಅಜ್ಜಿಯ ಕಾಲದಲ್ಲಿ ಇದನ್ನು ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲ, ಅವರನ್ನು ಈಗ ದೂರುವುದು ಬೇಡ. ಆದರೆ ಅಂಗಡಿಯವನು ‘ಹೇಗಾದರೂ’ ತರಿಸುವ ಮರಿ ಯಾರದೋ ತೋಟದ ಮರದ ಪೊಟರೆಯಿಂದ, ರೆಕ್ಕೆ ಬಲಿಯುವ ಮೊದಲೇ ಎಳೆದು ತೆಗೆದದ್ದು. ಚೀಲದಲ್ಲಿ ತುಂಬಿ ತರುವಾಗ ಎಷ್ಟೋ ಮರಿಗಳು ದಾರಿಯಲ್ಲೇ ಸಾಯುತ್ತವೆ. ಆ ಅಂಗಡಿಗೆ ಮತ್ತೆ ಹೋಗಬೇಡಿ, ಬೇರೆ ಹಕ್ಕಿ ಕೊಳ್ಳಲಿಕ್ಕೂ. ಈಗಾಗಲೇ ಇಂಥ ಗಿಳಿ ಸಾಕಿಕೊಂಡಿರುವ ಓದುಗರು ಅದನ್ನು ಬಾಲ್ಕನಿಯಿಂದ ಹಾರಿಬಿಡುವ ತಪ್ಪು ಮಾಡಬಾರದು. ಹಾರಾಟ ಮರೆತ ಹಕ್ಕಿ ಹೊರಗೆ ಉಳಿಯುವುದಿಲ್ಲ. ಅರಣ್ಯ ಇಲಾಖೆಗೆ ಅಥವಾ ವನ್ಯಜೀವಿ ಆರೈಕೆ ಕೇಂದ್ರಕ್ಕೆ ತಿಳಿಸಿ.

ಇನ್ನು ಆಫ್ರಿಕನ್ ಗ್ರೇ. ಅಂಗಡಿಯವನು ಅದರ ಜಾಣತನದ ಬಗ್ಗೆ ಸುಳ್ಳು ಹೇಳಿಲ್ಲ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಮೂವತ್ತು ವರ್ಷ ಅಭ್ಯಾಸ ಮಾಡಿದ ಅಲೆಕ್ಸ್ ಎಂಬ ಗ್ರೇ ಗಿಳಿ ಸುಮಾರು ನೂರು ಪದ ಕಲಿತಿತ್ತು, ಬಣ್ಣ, ಆಕಾರಗಳನ್ನು ಗುರುತಿಸಿ ಹೇಳುತ್ತಿತ್ತು. 2007ರಲ್ಲಿ ಸತ್ತಾಗ ಜಗತ್ತಿನ ಪತ್ರಿಕೆಗಳು ಅದರ ಸುದ್ದಿ ಬರೆದವು. ಆದರೆ ಅಷ್ಟು ಬುದ್ಧಿಯ ಹಕ್ಕಿಗೆ ದಿನವಿಡೀ ಏನಾದರೂ ಕೆಲಸ ಬೇಕು, ಜನ ಬೇಕು. ಒಂಟಿಯಾಗಿ ಬೇಸರ ಬಂದರೆ ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತದೆ. ಐದಾರು ತಿಂಗಳು ನೀವು ಕೆನಡಾದಲ್ಲಿದ್ದರೆ ಅದರ ಗತಿ ಏನು? ಚೆನ್ನಾಗಿ ಸಾಕಿದರೆ 40, 50 ವರ್ಷ ಬದುಕುವ ಹಕ್ಕಿ ಅದು. 64ನೇ ವಯಸ್ಸಿನಲ್ಲಿ ಅದನ್ನು ತಂದರೆ ನಿಮ್ಮ ನಂತರ ಯಾರು ಎಂಬುದನ್ನೂ ಇಂದೇ ಬರೆದಿಡಬೇಕಾಗುತ್ತದೆ. ಜೊತೆಗೆ ಕಾಡಿನಲ್ಲಿ ಅಳಿವಿನ ಅಂಚಿಗೆ ಬರುತ್ತಿರುವುದರಿಂದ 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತಿ ಕಟ್ಟುನಿಟ್ಟಿನ ನಿರ್ಬಂಧವಿದೆ. ಇಲ್ಲಿ ಸಾಕುವವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ನಿಮಗೆ ಇದು ಬೇಡ.

ಮಕಾವ್, ಕಾಕಟೂ, ಹಳದಿ ಕಿತ್ತಳೆ ಬಣ್ಣದ ಸನ್ ಕೊನ್ಯೂರ್ ಇವನ್ನೆಲ್ಲ ಅಪಾರ್ಟ್‌ಮೆಂಟಿನವರು ಮರೆತುಬಿಡುವುದೇ ವಾಸಿ. ನೋಡಲು ಚೆಂದ, ಕೂಗಿದರೆ ಎರಡು ಮಹಡಿ ಕೆಳಗಿನವರೂ ಬಾಗಿಲು ತೆರೆಯಬೇಕು. ಮೈಸೂರಿಗೆ ಹೋದಾಗ ಅವಧೂತ ದತ್ತಪೀಠದ ಶುಕವನಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬನ್ನಿ. ದೊಡ್ಡ ಗಿಳಿಗಳ ದನಿ ಎಂಥದ್ದು ಎಂದು ಕಿವಿಗೇ ಗೊತ್ತಾಗುತ್ತದೆ. ಫೋಟೊ ನೋಡಿ ಹಕ್ಕಿ ಆರಿಸುವವರೆಲ್ಲ ಇದನ್ನು ಮಾಡಬೇಕು ಎಂದು ನನಗನಿಸುತ್ತದೆ.

ಫ್ಲ್ಯಾಟಿಗೆ ಹೊಂದುವ ಗಿಳಿ ಎಂದಾಗ ಬಹಳ ಜನ ಕಾಕಟೀಲ್ ಅನ್ನುತ್ತಾರೆ. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು, ಮೆದು ಸ್ವಭಾವ, ಮಾತಿಗಿಂತ ಸಿಳ್ಳೆ ಚೆನ್ನಾಗಿ ಕಲಿಯುತ್ತದೆ. ಬೇರೆ ಯಾರಾದರೂ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ಆದರೆ ಅದರ ಮೈಯಿಂದ ಸದಾ ಪೌಡರಿನಂಥ ಬಿಳಿ ಧೂಳು ಉದುರುತ್ತದೆ. ಬೆಳಿಗ್ಗೆ ಒರೆಸಿದ ಟೀಪಾಯಿಯ ಮೇಲೆ ಸಂಜೆ ಬೆರಳಿನಲ್ಲಿ ಹೆಸರು ಬರೆಯಬಹುದು. ಆಸ್ತಮಾ ಇರುವವರ ಮನೆಗೆ ಅದು ಬೇಡವೇ ಬೇಡ.

ಹೀಗೆ ತಳ್ಳಿಹಾಕುತ್ತ ಬಂದರೆ ಉಳಿಯುವುದು ಪುಟ್ಟ ಬಡ್ಜರಿಗರ್. ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಕೇಳಿದರೆ ಕೊಡುವುದು ಹೆಚ್ಚಾಗಿ ಇದನ್ನೇ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಜಗಳಗಂಟಿ, ಸದ್ದೂ ಹೆಚ್ಚು. ಬಡ್ಜರಿಗರ್ ಆಸ್ಟ್ರೇಲಿಯಾದ ಒಣಸೀಮೆಯ ಹಕ್ಕಿ. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ಇಂಗ್ಲೆಂಡಿಗೆ ತಂದಾಗಿನಿಂದ ಮನೆಗಳಲ್ಲಿ ತಲೆಮಾರುಗಟ್ಟಲೆ ಬೆಳೆದುಬಂದಿದೆ. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು, ಆದರೂ ಜಾತಿಯಲ್ಲಿ ಅಪ್ಪಟ ಗಿಳಿಯೇ. ದಿನವಿಡೀ ಏನೋ ಗುಳುಗುಳು ಹೇಳಿಕೊಳ್ಳುತ್ತಿರುತ್ತದೆ. ಮುಂಬಾಗಿಲು ಹಾಕಿದರೆ ಪಕ್ಕದ ಮನೆಯವರಿಗೆ ತೊಂದರೆಯಾಗುವಷ್ಟು ದನಿ ಅದಕ್ಕಿಲ್ಲ. ಸಾಮಾನ್ಯವಾಗಿ 5ರಿಂದ 10 ವರ್ಷ ಬದುಕುತ್ತದೆ, ನಿಮ್ಮ ವಯಸ್ಸಿಗೆ ಈ ಲೆಕ್ಕ ಸರಿಹೊಂದುತ್ತದೆ. ಇದನ್ನು ಸಾಕಲು ಪರಿವೇಶ್ ನೋಂದಣಿಯೂ ಬೇಕಿಲ್ಲ. ಮಾತಿನ ಆಸೆಯಿದ್ದರೆ ಇನ್ನೊಂದು ಸಂಗತಿ ಕೇಳಿ: ಅತಿ ಹೆಚ್ಚು ಪದ ಬಲ್ಲ ಹಕ್ಕಿ ಎಂದು ಗಿನ್ನೆಸ್ ದಾಖಲೆ ಸೇರಿದ್ದು ಗ್ರೇ ಅಲ್ಲ, 1994ರಲ್ಲಿ ಸತ್ತ ಪಕ್ ಎಂಬ ಬಡ್ಜರಿಗರ್. 1,728 ಪದ! ನಿಮ್ಮ ಮನೆಯದು ಒಂದೂ ಆಡದಿರಬಹುದು, ಆಡಿದರೂ ಗೊಣಗಿದ ಹಾಗೆ ಇರುತ್ತದೆ, ಕಿವಿಗೊಟ್ಟು ಕೇಳಬೇಕು.

ಆದರೆ ಕೊಳ್ಳುವ ಮೊದಲು ನಿಮ್ಮ ಆಸ್ತಮಾ ನೋಡುವ ಡಾಕ್ಟರನ್ನು ಕೇಳಿ. ಬಡ್ಜರಿಗರ್‌ಗೂ ಸ್ವಲ್ಪ ಧೂಳಿದೆ, ಒಣಗಿದ ಹಿಕ್ಕೆಯ ಪುಡಿಯಿಂದ ಶ್ವಾಸಕೋಶಕ್ಕೆ ಸೋಂಕು ತಗಲುವುದೂ ಉಂಟು. ಡಾಕ್ಟರು ಬೇಡ ಅಂದರೆ ಅಲ್ಲಿಗೆ ಬಿಟ್ಟುಬಿಡಿ, ‘ಚಿಕ್ಕದಲ್ವಾ, ಏನಾಗುತ್ತೆ’ ಎಂದು ನಿಮ್ಮನ್ನು ನೀವೇ ಒಪ್ಪಿಸಬೇಡಿ. ಆಗಬಹುದು ಅಂದರೆ ಮಲಗುವ ಕೋಣೆಯಲ್ಲಿ ಪಂಜರ ಇಡಬೇಡಿ, ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ತಟ್ಟೆ ತೊಳೆಯುವಾಗ ಮಾಸ್ಕ್ ಹಾಕಿಕೊಳ್ಳಿ.

ಒಂದೋ ಎರಡೋ? ಒಂದೇ ಆದರೆ ನಿಮಗೆ ಹೆಚ್ಚು ಅಂಟಿಕೊಳ್ಳುತ್ತದೆ, ಮಾತು ಕಲಿಯುವ ಸಾಧ್ಯತೆಯೂ ಜಾಸ್ತಿ. ಎರಡಾದರೆ ನೀವಿಲ್ಲದಾಗಲೂ ಅವಕ್ಕೆ ಜೊತೆಯಿರುತ್ತದೆ. ನೀವು ಊರೂರು ಹೋಗಿಬರುವವರು, ನನ್ನ ಮತ ಎರಡಕ್ಕೆ. ಎರಡೂ ಗಂಡಾದರೆ ಮೊಟ್ಟೆ ಮರಿಯ ತಾಪತ್ರಯವಿಲ್ಲ, ಗಂಡುಗಳೇ ಹೆಚ್ಚು ಮಾತು ಕಲಿಯುವುದು ಕೂಡ. ಬೆಳೆದ ಗಂಡಿನ ಕೊಕ್ಕಿನ ಮೇಲೆ, ಮೂಗಿನ ಹೊಳ್ಳೆಗಳಿರುವ ಜಾಗ ಸಾಮಾನ್ಯವಾಗಿ ನೀಲಿ, ಹೆಣ್ಣಿನದು ಕಂದು. ಮೂರು ನಾಲ್ಕು ತಿಂಗಳೊಳಗಿನ ಮರಿಗೆ ಹಣೆಯ ಮೇಲಿನ ಗೆರೆಗಳು ಕೊಕ್ಕಿನವರೆಗೂ ಇಳಿದಿರುತ್ತವೆ, ಆ ವಯಸ್ಸಿನದಾದರೆ ಬೇಗ ಕೈಗೆ ಒಗ್ಗುತ್ತದೆ. ಅಂಗಡಿಯವರು ‘ಮಡಕೆನೂ ತಗೊಳ್ಳಿ ಮೇಡಂ’ ಅಂದರೆ ಬೇಡ ಅನ್ನಿ. ಪಂಜರದಲ್ಲಿ ಮಡಕೆ ಕಟ್ಟುವುದು ಮೊಟ್ಟೆ ಇಡಿಸಲಿಕ್ಕೆ, ಮಲಗಿಸಲಿಕ್ಕಲ್ಲ. ಕೊಳ್ಳುವಾಗ ಹಕ್ಕಿಯ ಎದುರು ಐದು ನಿಮಿಷ ಸುಮ್ಮನೆ ನಿಂತು ನೋಡಿ. ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ತೂಕಡಿಸುವುದು, ಕೂತಲ್ಲೇ ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುವುದು, ಬಾಲದ ಕೆಳಗೆ ಹಿಕ್ಕೆ ಅಂಟಿರುವುದು ಇದ್ದರೆ ಅದಕ್ಕೆ ಕಾಯಿಲೆ. ಪಾಪ ಎಂದು ಅದನ್ನೇ ತರುವ ಮನಸ್ಸಾಗುತ್ತದೆ, ಮೊದಲ ಸಲಕ್ಕೆ ಬೇಡ. ಅಂಗಡಿಗಿಂತ, ಸಾಕಲಾಗದೆ ಕೊಟ್ಟುಬಿಡುವವರನ್ನು ವಿಚಾರಿಸುವುದು ಇನ್ನೂ ಒಳ್ಳೆಯದು. ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಒಬ್ಬರಾದರೂ ಸಿಕ್ಕಾರು.

ಪಂಜರದ ಪಾಪದ ಬಗ್ಗೆ ಕೇಳಿದ್ದೀರಿ. ಬಡ್ಜರಿಗರ್ ಅನ್ನು ಇಲ್ಲಿ ಹಾರಿಬಿಟ್ಟರೆ ಅದಕ್ಕೆ ಆಹಾರ ಹುಡುಕಲು ಬರುವುದಿಲ್ಲ, ಕಾಗೆ ಹದ್ದುಗಳು ಸಂಜೆಯೊಳಗೆ ಮುಗಿಸುತ್ತವೆ. ಹಾಗೆಂದು ಪಂಜರದಲ್ಲೇ ಕೂಡಿಟ್ಟರೆ ಸರಿ ಎಂದೂ ಅಲ್ಲ. ಪಂಜರ ಅದರ ಮಲಗುವ ಮನೆ, ಊಟದ ಮನೆ. ದಿನಕ್ಕೆ ಎರಡು ಮೂರು ಗಂಟೆಯಾದರೂ ಬಾಗಿಲು ತೆರೆದಿರಬೇಕು. ಹಕ್ಕಿ ಅಡ್ಡಡ್ಡ ಹಾರುವುದರಿಂದ ಎತ್ತರಕ್ಕಿಂತ ಅಗಲ ಮುಖ್ಯ, ಗೋಪುರದಂಥ ದುಂಡು ಪಂಜರ ಬೇಡ. ಒಳಗೆ ಒಂದೇ ದಪ್ಪದ ಪ್ಲಾಸ್ಟಿಕ್ ಕಡ್ಡಿಯ ಬದಲು ಔಷಧಿ ಹೊಡೆಯದ ಬೇವಿನ ಅಥವಾ ಸೀಬೆಯ ಕೊಂಬೆಗಳನ್ನು ತೊಳೆದು ಹಾಕಿದರೆ ಕಾಲಿಗೆ ಹಿತ, ಕಡಿಯಲಿಕ್ಕೂ ಆಯಿತು. ಇಷ್ಟೆಲ್ಲ ಮಾಡಿದ ಮೇಲೂ ಮನಸ್ಸು ಒಪ್ಪದಿದ್ದರೆ ತರಬೇಡಿ. ಆ ಅಳುಕಿಗೂ ಬೆಲೆಯಿದೆ. ಲಾಲ್‌ಬಾಗ್, ಕಬ್ಬನ್ ಪಾರ್ಕುಗಳಲ್ಲಿ ಬೆಳಿಗ್ಗೆ ಸಂಜೆ ಹಸಿರು ಗಿಳಿಗಳ ಹಿಂಡೇ ಕಾಣುತ್ತದೆ; ಅಲ್ಲಿ ಹಕ್ಕಿ ನೋಡಲು ಬರುವ ಗುಂಪುಗಳಿವೆ, ನಿಮ್ಮ ವಯಸ್ಸಿನವರೂ ಇರುತ್ತಾರೆ.

ಫ್ಲ್ಯಾಟಿನೊಳಗೆ ಹಕ್ಕಿಗೆ ದೊಡ್ಡ ಶತ್ರು ಸೀಲಿಂಗ್ ಫ್ಯಾನ್. ಪಂಜರದ ಬಾಗಿಲು ತೆರೆಯುವ ಮೊದಲು ಫ್ಯಾನ್ ಆರಿಸಬೇಕು, ರೆಕ್ಕೆಗಳು ಪೂರ್ತಿ ನಿಂತಿರಬೇಕು. ಸ್ವಿಚ್ಚಿನ ಮೇಲೆ ಕೆಂಪು ಟೇಪ್ ಅಂಟಿಸಿಬಿಡಿ, ಕೆಲಸಕ್ಕೆ ಬರುವವರಿಗೂ ಹೇಳಿಡಿ. ಕಿಟಕಿ ಗಾಜಿಗೆ ಪರದೆ ಎಳೆದಿರಲಿ, ಇಲ್ಲದಿದ್ದರೆ ಆಕಾಶವೆಂದು ಹೋಗಿ ಗುದ್ದಿಕೊಳ್ಳುತ್ತದೆ. ಒಲೆ ಉರಿಯುವಾಗ ಹೊರಗೆ ಬಿಡಬೇಡಿ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು: ನಾನ್‌ಸ್ಟಿಕ್ ತವಾ ಒಲೆಯ ಮೇಲೆ ಮರೆತು ಅತಿಯಾಗಿ ಕಾದರೆ ಅದರ ಲೇಪನದಿಂದ ಏಳುವ ಹೊಗೆ ನಮಗೆ ಗೊತ್ತಾಗುವ ಮೊದಲೇ ಹಕ್ಕಿಯ ಜೀವ ತೆಗೆಯಬಲ್ಲದು. ಅದರ ಶ್ವಾಸಾಂಗ ಅಷ್ಟು ಸೂಕ್ಷ್ಮ. ಹಳೆಯ ಕಬ್ಬಿಣದ ಕಾವಲಿ ಅಟ್ಟದ ಮೇಲಿದ್ದರೆ ಇಳಿಸಿ. ದೋಸೆಯೂ ಅದರಲ್ಲೇ ಚೆನ್ನ. ಅಗರಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿ, ರೂಮ್ ಫ್ರೆಶ್‌ನರ್ ಇರುವ ಕಡೆಯಿಂದ ಪಂಜರ ದೂರವಿರಲಿ. ಇವೆಲ್ಲ ನಿಮ್ಮ ಉಸಿರಿಗೂ ಒಳ್ಳೆಯದಲ್ಲ ಎಂಬುದು ನಿಮಗೇ ಗೊತ್ತು. ಬಾಲ್ಕನಿಯಲ್ಲಿ ಪಂಜರ ಬಿಟ್ಟು ಒಳಗೆ ಹೋಗಬೇಡಿ. ಬಿಸಿಲು, ಕಾಗೆ, ಪಾರಿವಾಳಗಳ ರೋಗ, ಒಂದಲ್ಲ ಒಂದು.

ಊಟಕ್ಕೆ ನವಣೆ, ಬರಗು, ಜೊತೆಗೆ ದಿನಾ ತೊಳೆದ ಕೊತ್ತಂಬರಿಯೋ ಮೆಂತ್ಯವೋ ನುಗ್ಗೆಸೊಪ್ಪೋ, ತುರಿದ ಕ್ಯಾರೆಟ್. ಬರೀ ಕಾಳಿನ ಮೇಲೆ ಬೆಳೆದ ಹಕ್ಕಿ ಕೊಬ್ಬಿ ಕಾಯಿಲೆ ಬೀಳುತ್ತದೆ. ಬೆಣ್ಣೆಹಣ್ಣು ವಿಷ, ಚಾಕೊಲೇಟ್ ಮತ್ತು ಕಾಫಿಯೂ ಅಷ್ಟೇ. ನಿಮ್ಮ ಲೋಟದಿಂದ ಒಂದು ಗುಟುಕು ಕೂಡ ಕೊಡಬೇಡಿ. ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲೆಯಲ್ಲಿ ನಿದ್ದೆ ಬೇಕು, ಅಂದರೆ ಹಾಲಿನಲ್ಲಿ ಮಧ್ಯರಾತ್ರಿಯವರೆಗೆ ಟೀವಿ ಹಾಕಿಡುವ ಅಭ್ಯಾಸವಿದ್ದರೆ ಅದನ್ನು ನಿಲ್ಲಿಸಬೇಕಾಗುತ್ತದೆ. ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ನಮಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ, ತೂಕ ಇಳಿಯತೊಡಗಿದರೆ ಕಾಯಬೇಡಿ. ನಾಯಿ ಬೆಕ್ಕು ನೋಡುವ ಎಲ್ಲ ಡಾಕ್ಟರುಗಳೂ ಹಕ್ಕಿ ನೋಡುವುದಿಲ್ಲ. ಹಕ್ಕಿ ಬರುವ ಮೊದಲೇ ಅಂಥವರೊಬ್ಬರ ನಂಬರ್ ನಿಮ್ಮ ಫೋನಿನಲ್ಲಿರಲಿ.

ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿ. ತಂದ ಮೇಲೆ ಹೇಳಿದರೆ ದೂರು, ತರುವ ಮೊದಲು ಕೇಳಿದರೆ ಮಾತುಕತೆ. ಅವರ ಮನೆಯಲ್ಲಿ ಮಕ್ಕಳಿದ್ದರೆ ನಿಮಗೆ ಹಕ್ಕಿಯ ಜೊತೆ ಇನ್ನೂ ಎರಡು ದನಿ ಸಿಕ್ಕ ಹಾಗಾಯಿತು. ನಿಜ ಹೇಳಬೇಕೆಂದರೆ ನಿಮ್ಮ ವಿಷಯದಲ್ಲಿ ನನಗೆ ಹಕ್ಕಿಗಿಂತ ಇದೇ ಹೆಚ್ಚು ಆಸೆ. ನಿವೃತ್ತ ಕನ್ನಡ ಟೀಚರ್ ಒಂಬತ್ತನೇ ಮಹಡಿಯಲ್ಲಿದ್ದಾರೆ ಎಂಬುದು ಆ ಬಿಲ್ಡಿಂಗಿನ ಎಷ್ಟು ತಾಯಂದಿರಿಗೆ ಗೊತ್ತು?

ಇನ್ನೊಂದನ್ನೂ ಕೇಳಬೇಕು. ಈ ಒಂದು ವರ್ಷದಲ್ಲಿ ಊಟ ಸೇರುತ್ತಿದೆಯೇ? ನಡುರಾತ್ರಿ ಎಚ್ಚರವಾಗಿ ಬೆಳಗಿನವರೆಗೂ ಹಾಗೇ ಕೂತಿರುತ್ತೀರಾ? ಯಾಕಾದರೂ ಇದ್ದೇನೋ ಎಂಬ ಯೋಚನೆ ಬರುತ್ತದೆಯೇ? ಇದ್ದರೆ ಅದು ಹಕ್ಕಿಯಿಂದ ವಾಸಿಯಾಗುವಂಥದ್ದಲ್ಲ, ಅದನ್ನು ಹಕ್ಕಿಯ ಮೇಲೆ ಹೊರಿಸಲೂಬಾರದು. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567 ಕೂಡ ಇದೆ. ನಿಮ್ಮ ಊರಿನಲ್ಲೇ ನಿಮ್ಹಾನ್ಸ್ ಇದೆ. ಅಲ್ಲಿಗೆ ಹೋದರೆ ಹುಚ್ಚು ಅಂದುಕೊಳ್ಳುತ್ತಾರೆ ಎಂಬ ಕಾಲ ಹೋಯಿತು. ನಿಮ್ಮ ಹಾಗೆ ದುಃಖ ಹೊತ್ತು ಬಂದವರು ಅಲ್ಲಿ ದಿನಾ ಕೂತಿರುತ್ತಾರೆ.

ಕೊನೆಗೆ ಕೆನಡಾ. ಹಕ್ಕಿ ತರಬೇಕೋ ಬೇಡವೋ ಎಂಬುದನ್ನು ನಿಜವಾಗಿ ತೀರ್ಮಾನಿಸುವುದು ಇದೇ. ಐದಾರು ತಿಂಗಳು ಯಾರ ಮನೆಯಲ್ಲಿರುತ್ತದೆ? ಕಾಳು ಹಾಕಿ ಹೋಗುವವರು ಸಾಲದು, ಜೊತೆಯಲ್ಲಿ ವಾಸಿಸುವವರು ಬೇಕು. ತಂಗಿಯೋ, ಹಳೆಯ ಸಹೋದ್ಯೋಗಿಯೋ, ಪಕ್ಕದ ಮನೆಯವರೋ, ಒಬ್ಬರ ಹೆಸರನ್ನಾದರೂ ನೀವು ಖಚಿತವಾಗಿ ಹೇಳುವಂತಿರಬೇಕು. ಅವರು ಬರೀ ಹೂಂ ಅಂದರೆ ಸಾಲದು. ಹಕ್ಕಿ ಬಂದ ಮೊದಲ ತಿಂಗಳಲ್ಲೇ ಒಂದು ವಾರ ಅವರ ಮನೆಯಲ್ಲಿಟ್ಟು ನೋಡಿ. ಒಬ್ಬರೂ ಸಿಗದಿದ್ದರೆ ಈಗ ಹಕ್ಕಿ ಬೇಡ, ಮುಂದಿನ ಪ್ರವಾಸ ಮುಗಿಸಿ ಬಂದ ಮೇಲೆ ಮತ್ತೆ ಯೋಚಿಸೋಣ.

ಈ ಪ್ರಶ್ನೆಯನ್ನು ಮಗಳಿಗೇ ಕೇಳಿ ಎನ್ನುವುದು ನನ್ನ ಸಲಹೆ. ‘ಗಿಳಿ ತರಲಾ?’ ಎಂದು ಕೇಳಿದರೆ ಅವಳು ಮತ್ತೆ ಹೆದರುತ್ತಾಳೆ. ‘ಎರಡು ಪುಟ್ಟ ಹಕ್ಕಿ ತರೋ ಯೋಚನೆಯಿದೆ, ಡಾಕ್ಟರನ್ನ ಕೇಳಿದ್ದೀನಿ, ನಾನು ನಿನ್ನ ಹತ್ತಿರ ಬಂದಾಗ ಯಾರ ಮನೇಲಿ ಬಿಡೋದು ಅಂತ ನೀನೂ ಸ್ವಲ್ಪ ಯೋಚನೆ ಮಾಡು’ ಅಂದರೆ ಅವಳೂ ಇದರಲ್ಲಿ ಸೇರಿಕೊಳ್ಳುತ್ತಾಳೆ. ವಿಡಿಯೊ ಕರೆಯಲ್ಲೇ ಮಾತಾಡಿ, ಪಂಜರ ಇಡಬೇಕೆಂದಿರುವ ಜಾಗವನ್ನೂ ತೋರಿಸಿ. ಅಡುಗೆಮನೆಗೆ ಹತ್ತಿರವಾಯಿತೋ, ಫ್ಯಾನಿನ ಕೆಳಗೆ ಬಂತೋ, ಅವಳೂ ನೋಡಿ ಹೇಳಲಿ.